ಗುಡುಗಿನ ಕಾಲದಲ್ಲಿ ಅಂಗಳವೂ ತೋಟವೂ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಕೃಷಿಕರು ಸಿಡಿಲನ್ನು ಅರಿಯದವರಲ್ಲ. ಪಗ್ಗು, ಬೇಶ್ಯ ತಿಂಗಳುಗಳಲ್ಲಿ, ಅಂದರೆ ಎಪ್ರಿಲ್ ನಡುವಿನಿಂದ ಮಳೆಗಾಲ ಹಿಡಿಯುವವರೆಗೆ, ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆಯಿಂದ ಮೋಡವು ಕವಿದು ಬರುವುದು. ಮಳೆಗಾಲ ಹಿಂದೆಗೆದ ಮೇಲೆ ಚಿತ್ತೆ, ಸ್ವಾತಿ ಮಳೆಗಳಲ್ಲಿ ತಿರುಗಿ ಅದೇ ಆರ್ಭಟವು ನಡೆಯುವುದು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಸಿಡಿಲಿನಿಂದ ಪ್ರಾಣಾಪಾಯವು ಮುಖ್ಯವಾಗಿ ಯಾವ ಗಳಿಗೆಯಲ್ಲಿ ಒದಗುತ್ತದೆಂಬುದನ್ನು ವಿಚಾರಿಸಿ ನೋಡಿದವರು ಕಡಮೆ. ಮಳೆಯು ಭರದಿಂದ ಸುರಿಯುವಾಗ ಜನರು ಹೇಗೂ ಮನೆಯೊಳಗಿರುತ್ತಾರೆ. ಹೆದರತಕ್ಕ ಹೊತ್ತು ಮೊದಲ ಹನಿ ಬೀಳುವುದಕ್ಕೆ ಮುಂಚಿನ ಕಾಲು ಗಂಟೆ. ಆಗ ಅಂಗಳದಲ್ಲಿ ಅಡಿಕೆ ಹರವಿರುತ್ತದೆ. ದನವು ಗುಡ್ಡದಲ್ಲಿ ಮೇಯುತ್ತಿರುತ್ತದೆ. ತಂತಿಯ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಗುಡುಗಿನ ಸದ್ದು ಕಿವಿಗೆ ಬಿದ್ದೊಡನೆ ಮನೆಯವರೂ ಆಳುಗಳೂ ಸಿಡಿಲಿಗೆ ಎದುರಾಗಿ ಹೊರಕ್ಕೆ ಓಡುವರು. ಒಂದು ವರ್ಷದ ಬೆಳೆಯು ನೆನೆದು ಕಪ್ಪಾಗುವುದೆಂಬ ಭಯವಿರುವಾಗ ಓಡದಿರುವುದು ಕಷ್ಟವೇ. ಆದರೂ ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ಸಿಡಿಲಿನಿಂದ 2,887 ಮಂದಿ ಮಡಿದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಲೆಕ್ಕ ಕೊಟ್ಟಿದೆ. ಈ ಕಾರಣದಿಂದ ಸಿಡಿಲೆಂಬುದು ಏನು, ಅದು ಯಾವ ದಾರಿಯನ್ನು ಹಿಡಿಯುವುದು ಎಂಬುದನ್ನು ಗ್ರಾಮದ ಪ್ರಮುಖರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಸಿಡಿಲಿನ ಮರಿಯನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲಿಯೇ ಕಂಡಿರುತ್ತಾನೆ. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಕಡೆಯ ಒಣಗಾಳಿ ಬೀಸುವಾಗ ರಾತ್ರಿ ದೀಪವಾರಿಸಿ ಪಾಲಿಯೆಸ್ಟರ್ ಅಂಗಿಯನ್ನು ಕಳಚಿದರೆ ಚಿಟಚಿಟನೆ ಸದ್ದಾಗಿ ನೀಲಿಯ ಕಿಡಿಗಳು ಕಾಣುವುವು. ಅಡಿಕೆಯ ರಾಶಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸರಕ್ಕನೆ ಎಳೆದರೆ ಕೈಯ ರೋಮಗಳು ನಿಮಿರಿ ಹಾಳೆಯ ಕಡೆಗೆ ವಾಲುವುವು. ಎರಡು ಪದಾರ್ಥಗಳು ಒಂದಕ್ಕೊಂದು ಉಜ್ಜಿ ಬೇರ್ಪಟ್ಟಾಗ, ಎಲೆಕ್ಟ್ರಾನುಗಳೆಂಬ ಅತಿಸೂಕ್ಷ್ಮ ಕಣಗಳು ಒಂದರ ಮೇಲ್ಮೈಯಿಂದ ಮತ್ತೊಂದಕ್ಕೆ ಹೋಗಿ ಸೇರುತ್ತವೆ. ಅವನ್ನು ಪಡೆದ ಪದಾರ್ಥವು ಋಣ ವಿದ್ಯುತ್ತುಳ್ಳದ್ದೂ, ಕಳೆದುಕೊಂಡದ್ದು ಧನ ವಿದ್ಯುತ್ತುಳ್ಳದ್ದೂ ಆಗುವುದು. ಹರಿದುಹೋಗಲು ದಾರಿಯಿಲ್ಲದೆ ಇದ್ದಲ್ಲಿಯೇ ನಿಂತಿರುವ ಈ ವಿದ್ಯುತ್ತಿಗೆ ಸ್ಥಿರವಿದ್ಯುತ್ತೆಂದು ಹೆಸರು. ಎಳೆಯ ಮಕ್ಕಳು ಶಾಲೆಯಲ್ಲಿ ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವು ಇದೇ. ಈ ಸೀಮೆಯಲ್ಲಿ ಆ ಪ್ರಯೋಗವು ಅನೇಕ ವೇಳೆ ಸಾಗದು. ಉಪಾಧ್ಯಾಯರನ್ನು ದೂರಿ ಫಲವಿಲ್ಲ. ತಲೆಗೆ ತೆಂಗಿನೆಣ್ಣೆ, ಗಾಳಿಯಲ್ಲಿ ಕಡಲಿನ ತೇವ. ತೇವವು ಪದಾರ್ಥಗಳ ಮೇಲೆ ತೆಳ್ಳಗೆ ಹಬ್ಬಿ ವಿದ್ಯುತ್ತನ್ನು ಮೆಲ್ಲನೆ ಸೋರಿಸಿಬಿಡುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಅದೇ ಬಾಚಣಿಗೆಯು ಚೆನ್ನಾಗಿ ಕೆಲಸಮಾಡುವುದು.

ಒಣಗಾಳಿಯಲ್ಲಿ ಒಂದು ಮಿಲಿಮೀಟರ್ ಉದ್ದದ ಕಿಡಿ ಹಾರಬೇಕಾದರೆ ಸುಮಾರು 3,000 ವೋಲ್ಟಿನ ಒತ್ತಡ ಬೇಕು. ಅಂಗಿಯ ಕಿಡಿಯಲ್ಲಿಯೂ ಅಷ್ಟು ಒತ್ತಡವಿರುತ್ತದೆ. ಆದರೆ ವಿದ್ಯುತ್ತಿನ ಮೊತ್ತವು ಅತ್ಯಲ್ಪವಾದುದರಿಂದ ದೇಹಕ್ಕೆ ಹಾನಿಯಿಲ್ಲ. ಒಂದು ವಿಷಯದಲ್ಲಿ ಮಾತ್ರ ಜಾಗ್ರತೆಯಿರತಕ್ಕದ್ದು. ಹುಲ್ಲು ಕತ್ತರಿಸುವ ಯಂತ್ರಕ್ಕೂ ಮದ್ದು ಬಿಡುವ ಪಂಪಿಗೂ ಪೆಟ್ರೋಲನ್ನು ಕ್ಯಾನಿನಲ್ಲಿ ತರುವುದು ಈಗ ಎಲ್ಲೆಡೆಯ ವಾಡಿಕೆ. ಕ್ಯಾನನ್ನು ಜೀಪಿನ ಒಳಗೆ ರಬ್ಬರು ಹಾಸಿನ ಮೇಲೆ ಇಟ್ಟುಕೊಂಡೇ ತುಂಬಿಸಿದರೆ, ಹರಿಯುವ ಪೆಟ್ರೋಲಿನ ಘರ್ಷಣೆಯಿಂದ ಹುಟ್ಟಿದ ಸ್ಥಿರವಿದ್ಯುತ್ತು ಹೋಗಲು ದಾರಿಯಿಲ್ಲದೆ ನಿಂತು, ಆವಿಯ ನಡುವೆ ಕಿಡಿ ಹಾರುವ ಸಂಭವವುಂಟು. ಪೆಟ್ರೋಲಿಗಾಗಿಯೇ ಮಾಡಿದ ಕ್ಯಾನನ್ನು ನೆಲಕ್ಕೆ ಇಳಿಸಿ, ಕೊಳವೆಯ ಬಾಯಿಯನ್ನು ಅದಕ್ಕೆ ತಾಗಿಸಿ, ಮೆಲ್ಲನೆ ತುಂಬಿಸತಕ್ಕದ್ದು.

ಇನ್ನು ಮೋಡದ ವಿಚಾರ. ಬೇಸಗೆಯ ಬಿಸಿಲಿಗೆ ಕಾದ ನೆಲದ ಗಾಳಿಯೂ ಕಡಲಿಂದ ಬಂದ ತೇವದ ಗಾಳಿಯೂ ಕೂಡಿ ಘಟ್ಟದ ಇಳಿಜಾರಿಗೆ ಬಡಿದು ಮೇಲೇರುತ್ತವೆ. ಹಾಗೆ ಏರಿದ ಮೋಡದ ತುದಿಯು ಹದಿಮೂರು, ಹದಿನಾಲ್ಕು ಕಿಲೋಮೀಟರು ಎತ್ತರಕ್ಕೆ ಮುಟ್ಟುವುದುಂಟು. ಸುಬ್ರಹ್ಮಣ್ಯದ ಹಿಂದಿರುವ 1,712 ಮೀಟರಿನ ಕುಮಾರಪರ್ವತವನ್ನು ಎಂಟು ಬಾರಿ ಒಂದರ ಮೇಲೊಂದು ಪೇರಿಸಿದಷ್ಟು ಎತ್ತರವದು. ಐದು ಕಿಲೋಮೀಟರಿನ ಆಸುಪಾಸಿನಿಂದ ಮೇಲಕ್ಕೆ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಹಗುರಾದ ಹಿಮದ ಹರಳುಗಳು ಮೇಲಕ್ಕೂ, ಮೆತ್ತನೆಯ ಸಣ್ಣ ಆಲಿಕಲ್ಲುಗಳು ಕೆಳಕ್ಕೂ ಸಾಗುತ್ತ ಪರಸ್ಪರ ತಾಕುತ್ತವೆ. ಅಂಗಿಯೂ ಮೈಯೂ ಉಜ್ಜಿದಾಗ ಆದದ್ದೇ ಇಲ್ಲಿಯೂ ಆಗುವುದು. ಹರಳುಗಳು ಧನವನ್ನು ಹೊತ್ತು ಮೋಡದ ತುದಿಗೆ ಹೋಗುತ್ತವೆ; ಆಲಿಕಲ್ಲುಗಳು ಋಣವನ್ನು ಹೊತ್ತು ಮೋಡದ ನಡುವಿಗೂ ಕೆಳಕ್ಕೂ ಬರುತ್ತವೆ. ಆಟಿ ತಿಂಗಳಲ್ಲಿ ಹಗಲಿರುಳೆನ್ನದೆ ಮಳೆ ಸುರಿದರೂ ಗುಡುಗು ಅಪರೂಪವೇಕೆಂದು ಕೆಲವರು ಕೇಳುವುದುಂಟು. ಆ ಮೋಡಗಳಲ್ಲಿ ಗಾಳಿಯ ಏರುವೇಗವು ಸಾಲದು. ಮಳೆಯ ಬಹುಭಾಗವು ಹಿಮದ ಎತ್ತರಕ್ಕಿಂತ ಕೆಳಗೇ ಹುಟ್ಟಿ ಬೀಳುತ್ತದೆ. ಆದುದರಿಂದ ಹರಳು, ಆಲಿಕಲ್ಲುಗಳ ತಾಕಲಾಟವು ಹೆಚ್ಚಾಗಿ ನಡೆಯುವುದಿಲ್ಲ.

ಮೋಡದ ಬುಡದಲ್ಲಿ ಋಣ ವಿದ್ಯುತ್ತು ಸೇರಿದಂತೆಲ್ಲ ಅದರ ಕೆಳಗಿನ ನೆಲದಲ್ಲಿ ಧನ ವಿದ್ಯುತ್ತು ಸೆಳೆಯಲ್ಪಟ್ಟು ಮರದ ತುದಿ, ಮನೆಯ ಮುಚ್ಚಿಗೆ, ಗುಡ್ಡದ ನೆತ್ತಿ, ಮನುಷ್ಯನ ತಲೆ ಇವುಗಳಲ್ಲಿ ನೆರೆಯುವುದು. ಮೋಡದಿಂದ ಕಣ್ಣಿಗೆ ಕಾಣದ ಒಂದು ಕವಲುಗೊಂಡ ದಾರಿಯು ಮೆಟ್ಟಲು ಮೆಟ್ಟಲಾಗಿ, ಒಂದೊಂದು ಮೆಟ್ಟಲು ಸುಮಾರು ಐವತ್ತು ಮೀಟರಿನಂತೆ, ಕೆಳಗಿಳಿಯುತ್ತದೆ. ನೆಲದ ಎತ್ತರದ ವಸ್ತುಗಳಿಂದಲೂ ಕಿಡಿಗಳು ಮೇಲಕ್ಕೆ ಕೈನೀಡುತ್ತವೆ. ಎರಡೂ ಕೂಡಿದ ಕ್ಷಣದಲ್ಲಿ ಸುಮಾರು 30,000 ಆಂಪೇರಿನ ಪ್ರವಾಹವು ಹರಿದು, ಆ ದಾರಿಯ ಗಾಳಿಯು ಸೂರ್ಯನ ಮೇಲ್ಮೈಗಿಂತ ಐದು ಪಾಲು ಕಾಯುವುದು. ಕಾದ ಗಾಳಿಯು ಸಿಡಿದು ಹಿಗ್ಗುವ ಸದ್ದೇ ಗುಡುಗು. ಬೆಳಕು ಕೂಡಲೆ ಕಾಣುವುದು. ಸದ್ದು ಒಂದು ಕಿಲೋಮೀಟರು ಬರಲು ಮೂರು ಸೆಕೆಂಡು ಹಿಡಿಯುವುದು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ತಿಳಿಯುವುದು. ಪುತ್ತೂರು ಪೇಟೆಯಲ್ಲಿ ನಿಂತವನ ಎಣಿಕೆ ಮೂವತ್ತಕ್ಕೆ ನಿಂತರೆ ಸಿಡಿಲು ಹತ್ತು ಕಿಲೋಮೀಟರು ಆಚೆಗೆ, ಉಪ್ಪಿನಂಗಡಿಯ ಆಸುಪಾಸಿನಲ್ಲಿ ಬಿದ್ದಿರಬಹುದು. ದೂರವಿದೆಯೆಂದು ನೆಮ್ಮದಿಪಡತಕ್ಕ ಮಾತಲ್ಲ. ಮೋಡದ ಅಂಚಿನಿಂದ ಹೊರಟು ಹತ್ತು ಕಿಲೋಮೀಟರು ಆಚೆ, ಬಿಸಿಲಿರುವ ಕಡೆಯಲ್ಲಿಯೂ ಬಿದ್ದ ಸಿಡಿಲುಗಳುಂಟು. ಗುಡುಗು ಕೇಳಿಸಿತೆಂದರೆ ಕೇಳಿದವನು ಸಿಡಿಲಿನ ಮೇರೆಯೊಳಗೇ ಇದ್ದಾನೆಂದು ತಿಳಿಯತಕ್ಕದ್ದು.

ಮೋಡದ ಮಿಂಚೂ ಪ್ರಯೋಗಶಾಲೆಯ ಕಿಡಿಯೂ ಒಂದೇ ಜಾತಿಯವೆಂಬುದು 1752ರಲ್ಲಿ ಸಿದ್ಧವಾಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿದ್ವಾಂಸನು ಸೂಚಿಸಿದ ರೀತಿಯಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದಲ್ಲಿ ಎತ್ತರದ ಕಬ್ಬಿಣದ ಸಲಾಕೆಯನ್ನು ನೆಟ್ಟು ಮೋಡದಿಂದ ಕಿಡಿಯನ್ನು ಇಳಿಸಿದರು. ಮರುವರ್ಷ, 1753ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ಪಂಡಿತನು ತನ್ನ ಮನೆಯ ಮೇಲೆ ಅಂಥದೇ ಸಲಾಕೆಯನ್ನಿಟ್ಟು ವಿದ್ಯುತ್ತನ್ನು ಅಳೆಯಲು ಹೋಗಿ ಅದರ ಹೊಡೆತದಿಂದ ಸತ್ತನು. ಅಳತೆಗೆ ಅನುಕೂಲವಾಗಲೆಂದು ಆತನು ಸಲಾಕೆಯನ್ನು ಭೂಮಿಗೆ ಜೋಡಿಸದೆ ಬಿಟ್ಟಿದ್ದನು. ಇಳಿದು ಬಂದ ಸಿಡಿಲಿಗೆ ನೆಲಕ್ಕೆ ಹೋಗಲು ಬೇರೆ ದಾರಿಯಿರಲಿಲ್ಲ. ಅವನ ದೇಹವೇ ದಾರಿಯಾಯಿತು.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವುಂಟು. ಈಚಿನ ವರ್ಷಗಳಲ್ಲಿ ಈ ತಾಲೂಕುಗಳ ಮನೆಗಳಲ್ಲಿ ಟೆರೇಸಿನ ಮೇಲೆಯೂ ಅಂಗಳದ ಮೇಲೆಯೂ ಕಬ್ಬಿಣದ ಕಂಬಗಳನ್ನೆತ್ತಿ ಶೀಟು ಹೊದಿಸುವುದು ಹೆಚ್ಚಾಗಿದೆ. ಅಡಿಕೆ ಒಣಗಿಸಲು ಅದು ಬಲು ಉಪಯುಕ್ತವಾದ ಏರ್ಪಾಡು. ಆದರೆ ಆ ಕಂಬಗಳಲ್ಲಿ ಎಷ್ಟನ್ನು ತಂತಿಯಿಂದ ಭೂಮಿಗೆ ಜೋಡಿಸಿದ್ದಾರೆ? ಕಾಂಕ್ರೀಟಿನ ಮೇಲೆ ನಿಂತ ಕಬ್ಬಿಣದ ಚಪ್ಪರವು ರಿಚ್‌ಮನ್ನನ ಸಲಾಕೆಗೆ ಸಮಾನ. ಅದರ ಕಂಬಕ್ಕೆ ಒರಗಿ ನಿಂತು ಮಳೆ ನೋಡುವವರುಂಟು.

ಮಿಂಚುಬಂಧಕವನ್ನು ಹಾಕಿಸುವವರು ಮೇಲಿನ ಸಲಾಕೆಯ ಹೊಳಪನ್ನು ನೋಡಿ ಹಣ ಕೊಡುವುದು ಸಾಮಾನ್ಯ. ನೋಡತಕ್ಕದ್ದು ನೆಲದೊಳಗಿನ ಭಾಗ. ಇಳಿಯುವ ಪಟ್ಟಿಯು ತಾಮ್ರದ್ದಾದರೆ ಅದರ ಅಡ್ಡಕೊಯ್ತವು 50 ಚದರ ಮಿಲಿಮೀಟರಿಗೆ ಕಡಮೆಯಿರಕೂಡದು. ದಾರಿಯಲ್ಲಿ ಚೂಪಾದ ಮಡಿಕೆಗಳಿರಕೂಡದು. ಭೂಸಂಪರ್ಕದ ತಡೆಯು 10 ಓಮಿಗಿಂತ ಕಡಮೆಯಿರಬೇಕು. ಮನೆಯ ವಿದ್ಯುತ್ತಿನ ಅರ್ತಿಂಗನ್ನೂ ಇದಕ್ಕೆ ಕೂಡಿಸದಿದ್ದರೆ ಒಂದರಿಂದ ಇನ್ನೊಂದಕ್ಕೆ ಕಿಡಿ ಹಾರಿ ಗೋಡೆ ಒಡೆಯುವುದು. ಈ ಪ್ರದೇಶದಲ್ಲಿ ಭೂಸಂಪರ್ಕವೇ ದೊಡ್ಡ ತೊಡಕು. ಮನೆಗಳು ಬಹುಪಾಲು ಮುರಕಲ್ಲಿನ ದಿಣ್ಣೆಯ ಮೇಲಿವೆ. ಬೇಸಗೆಯಲ್ಲಿ ಒಣಗಿದ ಮುರಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಸಿಡಿಲು ಹೆಚ್ಚಾಗಿರುವ ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೇ ನೆಲವು ಅತ್ಯಂತ ಒಣಗಿರುತ್ತದೆ. ಆದುದರಿಂದ ಒಂದೇ ಗುಂಡಿಗೆ ತೃಪ್ತರಾಗದೆ ಎರಡು ಮೂರು ಗುಂಡಿಗಳನ್ನು ತೆಗೆಸಿ ಒಂದಕ್ಕೊಂದು ಜೋಡಿಸಿ, ಮಣ್ಣು ಆಳವಾಗಿರುವ ಕಡೆಗೆ ಪಟ್ಟಿಯನ್ನು ಒಯ್ದು, ಜನ, ದನ ನಡೆದಾಡದ ಸ್ಥಳದಲ್ಲಿ ಹುಗಿಸಬೇಕು. ಎಪ್ರಿಲಿನ ಮೊದಲಲ್ಲಿ ತಡೆಯನ್ನು ಅಳೆಯಿಸುವುದು ಮೇಲು. ಆಗಸ್ಟಿನಲ್ಲಿ ಅಳೆದ ಲೆಕ್ಕವು ನೆಚ್ಚತಕ್ಕದ್ದಲ್ಲ. ಒಂದೇ ಸಲಾಕೆಯು ನೂರು ಮೀಟರು ಸುತ್ತಲನ್ನು ಕಾಯುವುದೆಂದು ಹೇಳಿ ಮಾರುವವರೂ ಇದ್ದಾರೆ. ಅಂತರರಾಷ್ಟ್ರೀಯ ಪ್ರಮಾಣಸಂಹಿತೆಯು ಅಂಥ ಮಾತನ್ನು ಅಂಗೀಕರಿಸಿಲ್ಲ.

ಮನುಷ್ಯರೂ ಜಾನುವಾರುಗಳೂ ಸಿಡಿಲಿನಿಂದ ಸಾಯುವುದು ನೆತ್ತಿಯ ಮೇಲೆಯೇ ಬಡಿದು ಎಂದು ಜನರ ಎಣಿಕೆ. ಹಾಗಾಗುವುದು ಕಡಮೆ. ಒಂಟಿ ಮರಕ್ಕೆ ಬಡಿದ ಸಿಡಿಲು ಕಾಂಡದಲ್ಲಿ ಇಳಿಯುತ್ತ ಬುಡದಲ್ಲಿ ನಿಂತವನ ದೇಹಕ್ಕೆ ಹಾರುವುದುಂಟು. ತಂತಿಬೇಲಿಯನ್ನೋ ಬಟ್ಟೆ ಒಣಗಿಸುವ ತಂತಿಯನ್ನೋ ನೀರಿನ ಕಬ್ಬಿಣದ ಪೈಪನ್ನೋ ಹಿಡಿದು ಬಹುದೂರ ಬರುವುದುಂಟು. ಇವೆರಡಕ್ಕಿಂತಲೂ ಮೋಸದ್ದು ನೆಲದ ಪ್ರವಾಹ. ಸಿಡಿಲು ನೆಲಕ್ಕಿಳಿದು ಸುತ್ತಲೂ ಹರಡುವಾಗ ಹತ್ತಿರದ ನೆಲಕ್ಕೂ ತುಸು ದೂರದ ನೆಲಕ್ಕೂ ಒತ್ತಡದಲ್ಲಿ ಭಾರಿ ವ್ಯತ್ಯಾಸವುಂಟಾಗುವುದು. ಕಾಲುಗಳನ್ನು ಅಗಲಿಸಿ ನಿಂತವನ ಒಂದು ಕಾಲಿನಿಂದ ಮತ್ತೊಂದಕ್ಕೆ ಪ್ರವಾಹವು ಹರಿಯುವುದು. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರವು ನಾಲ್ಕೈದು ಅಡಿ. ಹರಿಯುವ ದಾರಿಯಲ್ಲಿಯೇ ಹೃದಯವಿರುತ್ತದೆ. ಒಂದೇ ಮರದ ಕೆಳಗೆ ನಿಂತ ದನಗಳೆಲ್ಲ ಗಾಯವೊಂದೂ ಕಾಣದಂತೆ ಒಮ್ಮೆಗೇ ಬಿದ್ದಿರುವುದಕ್ಕೆ ಇದೇ ಕಾರಣ. ಗುಡ್ಡದಲ್ಲಿ ಸಿಕ್ಕಿಬಿದ್ದವನು ಮಲಗಕೂಡದೆಂದೂ, ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕುಳಿತಿರಬೇಕೆಂದೂ, ನಾಲ್ಕಾರು ಮಂದಿಯಿದ್ದರೆ ದೂರದೂರ ಸರಿಯಬೇಕೆಂದೂ ಹೇಳುವುದು ಇದಕ್ಕಾಗಿಯೇ. ರಬ್ಬರಿನ ಚಪ್ಪಲಿಯು ಕಾಯುವುದೆಂಬ ನಂಬಿಕೆ ಬೇಡ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಅರ್ಧ ಅಂಗುಲದ ರಬ್ಬರು ಯಾವ ಲೆಕ್ಕ?

ತೋಟದ ಕೆಲಸದಲ್ಲಿ ಈಗ ಹೊಸದೊಂದು ಅಪಾಯವೂ ಸೇರಿದೆ. ಮರವೇರುವವರ ಅಭಾವದಿಂದ ಕಾರ್ಬನ್ ಫೈಬರಿನ ದೋಟಿಗಳು ಊರೂರಿಗೂ ಬಂದಿವೆ. ಅರುವತ್ತು, ಎಂಬತ್ತು ಅಡಿ ನೀಳವಾದರೂ ಹಗುರ. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸಿದ ಈ ಸಾಧನವು ಮೆಚ್ಚತಕ್ಕದ್ದೇ. ಆದರೆ ಕಬ್ಬಿಣವಲ್ಲವೆಂಬ ಕಾರಣಕ್ಕೆ ಅದು ವಿದ್ಯುತ್ತನ್ನು ಒಯ್ಯದೆಂದು ತಿಳಿಯುವುದು ಘೋರವಾದ ತಪ್ಪು. ಕಾರ್ಬನ್ ಫೈಬರು ವಿದ್ಯುದ್ವಾಹಕ. ತೋಟದ ಮೇಲೆ ಹಾದುಹೋದ ತಂತಿಗೆ ತಾಗಿದರೂ, ಗುಡುಗಿನ ಹೊತ್ತಿನಲ್ಲಿ ಎತ್ತಿ ಹಿಡಿದರೂ ಫಲವು ಒಂದೇ. ಕೊಳೆರೋಗಕ್ಕೆ ಮೊದಲ ಬೋರ್ಡೋ ಮದ್ದನ್ನು ಬಿಡುವುದು ಮಳೆಗಾಲ ಹಿಡಿಯುವ ಮುನ್ನ, ಮೇ ಕೊನೆಯಲ್ಲಿ; ಗುಡುಗು ಸಹ ಅದೇ ಕಾಲದ್ದು. ಮೈಲುತುತ್ತು, ಸುಣ್ಣದ ನೀರಿನಿಂದ ತೊಯ್ದ ದೋಟಿಯನ್ನು ಹಿಡಿದವನು ನೆನೆದ ನೆಲದಲ್ಲಿ ನಿಂತಿರುತ್ತಾನೆ. ಆದುದರಿಂದ ಆ ದಿನಗಳಲ್ಲಿ ಮದ್ದಿನ ಕೆಲಸವನ್ನು ಬೆಳಿಗ್ಗೆಯೇ ಆರಂಭಿಸಿ ಮಧ್ಯಾಹ್ನದ ಊಟಕ್ಕೆ ಮುಗಿಸತಕ್ಕದ್ದು. ಕೂಲಿಯ ದರ ದಿನಕ್ಕೆ ಇಂತಿಷ್ಟೆಂದಿರುವಾಗ ಅರ್ಧದಿನಕ್ಕೆ ನಿಲ್ಲಿಸುವುದು ಜಮೀನುದಾರನಿಗೆ ನಷ್ಟವಾಗಿ ತೋರಬಹುದು. ಆಳು ತಾನಾಗಿ ನಿಲ್ಲಿಸಲಾರನು. ನಿಲ್ಲಿಸೆನ್ನುವ ಮಾತು ಜಮೀನುದಾರನ ಬಾಯಿಂದಲೇ ಬರಬೇಕು.

ಅಂಗಳದ ಅಡಿಕೆಗೂ ಇದೇ ಕ್ರಮ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಡಿಕೆಯನ್ನು ಅಂಗಳದ ತುಂಬ ಹರವದೆ, ಇಬ್ಬರು ಹತ್ತು ನಿಮಿಷದಲ್ಲಿ ಟಾರ್ಪಾಲು ಎಳೆದು ಮುಚ್ಚುವಷ್ಟು ಅಗಲದ ಪಾತಿಗಳಾಗಿ ಹರವಬೇಕು. ಟಾರ್ಪಾಲು ಉಗ್ರಾಣದಲ್ಲಿರದೆ ಪಾತಿಯ ಬದಿಯಲ್ಲಿಯೇ ಸುತ್ತಿಟ್ಟಿರಬೇಕು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು ‘ದಾಮಿನಿ’ ಎಂಬ ಮೊಬೈಲ್ ಆ್ಯಪನ್ನು ಒದಗಿಸಿದೆ. ಇದ್ದ ಸ್ಥಳದಿಂದ 20 ಮತ್ತು 40 ಕಿಲೋಮೀಟರಿನೊಳಗೆ ಸಿಡಿಲಿದ್ದರೆ ಅದು ಎಚ್ಚರಿಸುತ್ತದೆ. ನಲುವತ್ತರ ಎಚ್ಚರಿಕೆಗೇ ಅಡಿಕೆಯನ್ನು ಮುಚ್ಚಿ, ದನವನ್ನು ಹಟ್ಟಿಗೆ ತರಲು ಹೊರಡತಕ್ಕದ್ದು. ಗುಡುಗು ಕೇಳಿದ ಮೇಲೆ ಅಡಿಕೆಯನ್ನು ಮಳೆಗೆ ಬಿಡಬೇಕು. ನೆನೆದ ಅಡಿಕೆಯ ಬೆಲೆ ಇಳಿಯುವುದು ದಿಟ. ಆದರೆ ಅದನ್ನು ಮತ್ತೆ ಒಣಗಿಸಬಹುದು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಹೋಗಕೂಡದು. ಆಶ್ರಯವೆಂದರೆ ಪಕ್ಕಾ ಮನೆಯ ಒಳಕೋಣೆ ಅಥವಾ ಗಾಜು ಏರಿಸಿದ ಕಾರು. ಪಂಪಿನ ಶೆಡ್ಡು, ಸೋಗೆಯ ಗುಡಿಸಲು, ಮನೆಯ ಜಗಲಿ ಇವು ಆಶ್ರಯಗಳಲ್ಲ. ಪಂಪಿನ ಸ್ವಿಚ್ಚನ್ನೂ ನಲ್ಲಿಯನ್ನೂ ಚಾರ್ಜಿಗೆ ಸಿಕ್ಕಿಸಿದ ಫೋನನ್ನೂ ಆ ಹೊತ್ತು ಮುಟ್ಟಕೂಡದು.

ಸಿಡಿಲಿನ ಹೊತ್ತು ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ಹಿರಿಯರು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಒಳಗಿರುವುದರಿಂದ ಆ ಪದ್ಧತಿಯಿಂದ ಲಾಭವೇ ಹೊರತು ಕೇಡಿಲ್ಲ. ಅಂಗಳಕ್ಕೆ ಕತ್ತಿಯನ್ನೆಸೆಯುವ ಪದ್ಧತಿಯ ಮಾತು ಬೇರೆ. ನೆಲದ ಮೇಲೆ ಬಿದ್ದ ಕತ್ತಿಗೆ ಎತ್ತರವೂ ಇಲ್ಲ, ಭೂಮಿಯೊಳಗಿನ ಬೇರೂ ಇಲ್ಲ. ಎಸೆಯಲು ಹೊರಗೆ ಬಂದವನಿಗೆ ಮಾತ್ರ ಎತ್ತರವುಂಟು.

ಸಿಡಿಲು ತಗಲಿದವನ ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಾಗಿಲ್ಲ. ಹಲವರು ಬಿದ್ದಿದ್ದರೆ ನರಳುವವರನ್ನು ಬಿಟ್ಟು, ಸತ್ತಂತೆ ತೋರುವವರನ್ನು ಮೊದಲು ನೋಡತಕ್ಕದ್ದು. ಅನೇಕ ವೇಳೆ ಹೃದಯವು ತಾನಾಗಿ ತಿರುಗಿ ಮಿಡಿದರೂ ಉಸಿರು ಬಾರದೆ ಸಾವುಂಟಾಗುವುದು. ಎದೆಯ ನಡುವನ್ನು ಎರಡು ಅಂಗುಲ ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತ, ಮೂವತ್ತು ಒತ್ತಿಗೆ ಎರಡು ಬಾರಿ ಬಾಯಿಂದ ಉಸಿರು ಕೊಡುತ್ತ, 108ರ ವಾಹನ ಬರುವವರೆಗೆ ಬಿಡದೆ ನಡೆಸಬೇಕು. ಊರಿಗೆ ನಾಲ್ವರಾದರೂ ಯುವಕರು ಇದನ್ನು ಆರೋಗ್ಯ ಕೇಂದ್ರದಲ್ಲಿ ಕಲಿತಿರುವಂತೆ ಪ್ರಮುಖರು ಏರ್ಪಡಿಸಬೇಕು. ಗುಡ್ಡದ ಮೇಲಣ ಮನೆಗೆ ವಾಹನ ಬರಲು ಹಿಡಿಯುವ ಹೊತ್ತು ಎಲ್ಲರಿಗೂ ತಿಳಿದದ್ದೇ.

ತೋಟಕ್ಕೆ ಸಿಡಿಲು ಬಡಿದರೆ ಅದರ ಫಲವು ಕೂಡಲೆ ಪೂರ್ತಿಯಾಗಿ ಕಾಣದು. ತೆಂಗಿನಲ್ಲಿ ಒಂದು ಮರವು ಸುಟ್ಟಂತಾದರೆ ಕೆಲವು ವಾರಗಳಲ್ಲಿ ಸುತ್ತಲಿನವುಗಳ ಗರಿಗಳೂ ಜೋತು, ಕಾಂಡದಿಂದ ರಸ ಸೋರಿ, ಒಂದೊಂದಾಗಿ ಸಾಯುವುವು. ತೆಂಗು, ಅಡಿಕೆಗಳಿಗೆ ಸುಳಿಯೊಂದೇ ಬೆಳೆಯುವ ಸ್ಥಾನ. ಅದು ಬೆಂದರೆ ಮದ್ದಿಲ್ಲ. ಸುಳ್ಯದ ಕಡೆಯಲ್ಲಿ ಹಳದಿರೋಗದಿಂದ ಬೇಸತ್ತವರು ಇದನ್ನೂ ಅದೇ ರೋಗವೆಂದು ತಿಳಿಯಬಹುದು. ಹಳದಿರೋಗವು ಕೆಳಗಿನ ಸೋಗೆಗಳ ತುದಿಯಿಂದ ಆರಂಭಿಸಿ ವರ್ಷಗಟ್ಟಲೆ ಎಳೆಯುವುದು. ಸಿಡಿಲಿನ ಹಾನಿಯು ಒಂದೆಡೆ ಗುಂಪಾಗಿ, ವಾರಗಳೊಳಗೆ ತೋರುವುದು. ಎರಡು ಮೂರು ತಿಂಗಳು ಕಾದು ಸತ್ತವೆಷ್ಟೆಂದು ನಿಶ್ಚಯಿಸಿಕೊಂಡು ಹೊಸ ಸಸಿ ನೆಡುವುದು ಲೇಸು. ಆದರೆ ಸತ್ತ ತೆಂಗನ್ನು ಅಷ್ಟು ದಿನ ನಿಲ್ಲಿಸಿಕೊಳ್ಳಕೂಡದು. ಗಾಯಗೊಂಡ ಮರಕ್ಕೆ ಕೆಂಪುಮೂತಿ ಹುಳುವೂ, ಕೊಳೆತ ಕಾಂಡಕ್ಕೆ ಕುರುವಾಯಿ ದುಂಬಿಯೂ ಬಂದು ಸೇರುವುವು.

ಗುಡುಗಿನ ಮಳೆ ಬಿದ್ದರೆ ಗೊಬ್ಬರ ಹಾಕಿದಂತೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸಿಡಿಲಿನ ಕಾವಿಗೆ ಗಾಳಿಯ ಸಾರಜನಕವು ಆಮ್ಲಜನಕದೊಡನೆ ಕೂಡಿ ಮಳೆಯಲ್ಲಿ ಕರಗಿ ನೆಲಕ್ಕೆ ಬರುವುದು. ಆದರೆ ವರ್ಷವೆಲ್ಲ ಹೀಗೆ ಬರತಕ್ಕದ್ದು ಎಕರೆಗೆ ಕೆಲವೇ ಕಿಲೋಗ್ರಾಂ. ಮರವೊಂದಕ್ಕೆ 100 ಗ್ರಾಂ ಸಾರಜನಕದಂತೆ ಎಕರೆಯ ಸುಮಾರು 550 ಅಡಿಕೆ ಮರಗಳಿಗೆ 55 ಕಿಲೋಗ್ರಾಂ ಬೇಕು. ಮೋಡವನ್ನು ನಂಬಿ ಗೊಬ್ಬರದ ಚೀಲವನ್ನು ಕಡಮೆಮಾಡುವಂತಿಲ್ಲ.

ಸರ್ಕಾರದ ಪರಿಹಾರವನ್ನು ಬೇಡುವಲ್ಲಿ ಅನೇಕ ಬಡ ಕುಟುಂಬಗಳು ಎಡವುವುದು ಕಾಗದಪತ್ರದಲ್ಲಿ. ಸಿಡಿಲಿನಿಂದಾದ ಮರಣಕ್ಕೆ ಪೊಲೀಸರಲ್ಲಿ ದೂರು, ಮರಣೋತ್ತರ ಪರೀಕ್ಷೆಯ ವರದಿ, ಗ್ರಾಮ ಆಡಳಿತಾಧಿಕಾರಿಯ ಮಹಜರು ಇವು ಬೇಕಾಗುವುವು. ದುಃಖದ ಭರದಲ್ಲಿ ಪರೀಕ್ಷೆಯಿಲ್ಲದೆ ದಹನ ಮಾಡಿಬಿಟ್ಟರೆ ಆಮೇಲೆ ಸಿಡಿಲೆಂದು ಸಾಧಿಸುವುದು ಕಷ್ಟ. ಗ್ರಾಮದ ಪ್ರಮುಖರು ಆ ಹೊತ್ತಿನಲ್ಲಿ ಮನೆಗೆ ಹೋಗಿ, ಮೆಲ್ಲನೆಯ ಮಾತಿನಿಂದ ಇದನ್ನು ತಿಳಿಸಬೇಕು. ದನ ಸತ್ತರೆ ಹೂಳುವುದಕ್ಕೆ ಮುಂಚೆ ಪಶುವೈದ್ಯರನ್ನು ಕರೆಯಿಸಿ ಬರೆಹದಲ್ಲಿ ದೃಢಪತ್ರ ಪಡೆಯತಕ್ಕದ್ದು. ಕಿವಿಯ ಓಲೆಯಿದ್ದರೆ ಅದರ ಸಂಖ್ಯೆಯನ್ನು ಅದರಲ್ಲಿ ಬರೆಯಿಸಿ, ದನವು ಬಿದ್ದ ಸ್ಥಳದಲ್ಲಿಯೇ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು.